ವಿಆರ್‌ಎಸ್ ತೆಗೆದುಕೊಳ್ಳುವುದೋ, ನಿವೃತ್ತಿವರೆಗೆ ಇರುವುದೋ? ಐವತ್ತೈದರ ಆಸುಪಾಸಿನವರಿಗೆ ಒಂದು ಲೆಕ್ಕ

ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿಯ ಸುತ್ತೋಲೆ ನೋಟಿಸ್ ಬೋರ್ಡಿಗೆ ಬಂದ ದಿನದಿಂದ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರುವುದಿಲ್ಲ. ‘ಇಷ್ಟು ದುಡ್ಡು ಒಟ್ಟಿಗೆ ಮತ್ತೆ ಸಿಗಲ್ಲ, ತಗೊಂಡುಬಿಡು’ ಅನ್ನುತ್ತಾರೆ ಕೆಲವರು. ‘ಇನ್ನು ಮೂರೇ ವರ್ಷ, ಸುಮ್ನೆ ಇದ್ದುಬಿಡು’ ಅನ್ನುತ್ತಾರೆ ಇನ್ನು ಕೆಲವರು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅವರ ಮನೆಯ ಲೆಕ್ಕ ಬೇರೆ, ನಿಮ್ಮದು ಬೇರೆ. ಅರ್ಜಿ ಹಾಕಲು ಸಾಮಾನ್ಯವಾಗಿ ಕೊಡುವುದು ಕೆಲವೇ ವಾರ. ಅಷ್ಟರೊಳಗೆ ಕೂತು ಯೋಚಿಸಲು ಒಂದು ದಾರಿ ಬೇಕಲ್ವಾ?

ಈ ಬರಹ 54ರಿಂದ 57 ವಯಸ್ಸಿನ, ಸಾರ್ವಜನಿಕ ಉದ್ದಿಮೆಗಳಲ್ಲೋ ಖಾಸಗಿ ಕಾರ್ಖಾನೆಗಳಲ್ಲೋ ಇರುವವರಿಗೆ. ಸರ್ಕಾರಿ ನೌಕರರು ಸೇವಾ ನಿಯಮದ ಪ್ರಕಾರ ತೆಗೆದುಕೊಳ್ಳುವ ಸ್ವಯಂ ನಿವೃತ್ತಿ ಬೇರೆ. ಅಲ್ಲಿ ಪರಿಹಾರದ ಇಡಿಗಂಟು ಇರುವುದಿಲ್ಲ, ಪಿಂಚಣಿಯ ಲೆಕ್ಕವೇ ಎಲ್ಲ.

ನಮಗೆ ಇದು ಹೊಸ ವಿಷಯವೇನಲ್ಲ. 2000–01ರಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ವಿಆರ್‌ಎಸ್ ತೆಗೆದುಕೊಂಡು ಹೊರಬಂದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಬೆಂಗಳೂರು, ತುಮಕೂರಿನ ಎಷ್ಟೋ ಮನೆಗಳಲ್ಲಿ ಆಗ ಇದೇ ಮಾತು. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನಿಂದ ಒಂದೇ ದಿನ 78 ಸಾವಿರಕ್ಕೂ ಹೆಚ್ಚು ಮಂದಿ ಹೊರಬಂದರು.

ಏನನ್ನು ಅಳೆಯಬೇಕು?

ಇಡಿಗಂಟಿನ ಮೊತ್ತವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಬೇಕಾದ್ದು ಒಂದು ಸಂಖ್ಯೆ. ಉಳಿದರೆ ಬರುವುದಕ್ಕೂ ಹೊರಟರೆ ಬರುವುದಕ್ಕೂ ತಿಂಗಳಿಗೆ ಎಷ್ಟು ವ್ಯತ್ಯಾಸ? ಇದನ್ನು ‘ತಿಂಗಳ ವ್ಯತ್ಯಾಸ’ ಎಂದು ಕರೆಯೋಣ. ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ.

ಎರಡನೆಯದು, ನಿಮ್ಮ ಕೊನೆಯ ತಿಂಗಳವರೆಗೂ ಕಂಪನಿ ಸಂಬಳ ಕೊಡುವ ಸ್ಥಿತಿಯಲ್ಲಿ ಇರುತ್ತದೆಯೇ ಎಂಬುದು. ಮೂರನೆಯದು ಆಸ್ಪತ್ರೆ ಖರ್ಚಿನ ವಿಮೆ. ನಾಲ್ಕನೆಯದು ಮನೆಯ ಮೇಲಿರುವ ಹೊರೆ: ಗೃಹಸಾಲ, ಮಕ್ಕಳ ಓದು, ಮದುವೆ, ವಯಸ್ಸಾದ ತಂದೆತಾಯಿ. ಐದನೆಯದು ನಿಮ್ಮ ದೇಹ ಮತ್ತು ಮನಸ್ಸು. ರಾತ್ರಿ ಪಾಳಿ ಮಾಡಿ ಸೊಂಟ ಹೋಗಿದೆಯೇ, ಹೊರಗೆ ಬೇರೆ ಕೆಲಸ ಮಾಡುವ ಉಮೇದು ಇದೆಯೇ, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಿಂಗಳ ವ್ಯತ್ಯಾಸ ಕಂಡುಹಿಡಿಯುವುದು

ಕಂಪನಿ ಕೊಡುವ ಹಾಳೆಯಲ್ಲಿ ಕೊನೆಯ ಸಾಲಿನಲ್ಲಿ ಒಂದು ದೊಡ್ಡ ಮೊತ್ತ ಇರುತ್ತದೆ. ಅದರಲ್ಲಿ ಗ್ರಾಚ್ಯುಟಿ, ರಜೆಯ ಹಣ, ಕೆಲವೊಮ್ಮೆ ಪಿಎಫ್ ಕೂಡ ಸೇರಿರುತ್ತದೆ. ಇವೆಲ್ಲ ನೀವು ಹೋದರೂ ಇದ್ದರೂ ನಿಮ್ಮದೇ ಹಣ. ಅವನ್ನು ಮೊದಲು ಹೊಡೆದುಹಾಕಿ. ಉಳಿಯುವ ‘ಎಕ್ಸ್‌ಗ್ರೇಷಿಯಾ’ ಮಾತ್ರ ವಿಆರ್‌ಎಸ್‌ನಿಂದ ಬರುವ ಹಣ.

ಎಕ್ಸ್‌ಗ್ರೇಷಿಯಾ ಲೆಕ್ಕ ಹಾಕುವ ಸೂತ್ರ ಒಂದೊಂದು ಕಡೆ ಒಂದೊಂದು ತರಹ. ಬ್ಯಾಂಕುಗಳಲ್ಲಿ ಸೇವೆಯ ಪ್ರತಿ ವರ್ಷಕ್ಕೆ 60 ದಿನದ ಸಂಬಳ ಅಥವಾ ಉಳಿದ ತಿಂಗಳುಗಳ ಸಂಬಳ, ಇವೆರಡರಲ್ಲಿ ಕಡಿಮೆಯದ್ದನ್ನು ಕೊಟ್ಟರು. ಕೇಂದ್ರದ ಹಲವು ಉದ್ದಿಮೆಗಳಲ್ಲಿ ಪ್ರತಿ ವರ್ಷಕ್ಕೆ 45 ದಿನ ಅಥವಾ ಉಳಿದ ತಿಂಗಳುಗಳು, ಅಲ್ಲೂ ಕಡಿಮೆಯದ್ದೇ. ಬಿಎಸ್‌ಎನ್‌ಎಲ್‌ನಲ್ಲಿ ಬಳಸಿದ್ದು ಗುಜರಾತ್ ಮಾದರಿ: ಮುಗಿಸಿದ ಪ್ರತಿ ವರ್ಷಕ್ಕೆ 35 ದಿನ, ಉಳಿದ ಪ್ರತಿ ವರ್ಷಕ್ಕೆ 25 ದಿನ, ಮೇಲೊಂದು ಮಿತಿ.

‘ಕಡಿಮೆಯದ್ದು’ ಎನ್ನುವ ಷರತ್ತು ನಿವೃತ್ತಿಗೆ ಹತ್ತಿರ ಇರುವವರಿಗೇ ತಟ್ಟುವುದು. ಒಂದು ಉದಾಹರಣೆ ನೋಡೋಣ. ವಯಸ್ಸು 55, ಸೇವೆ 28 ವರ್ಷ, ನಿವೃತ್ತಿ 58ಕ್ಕೆ, ಅಂದರೆ 36 ತಿಂಗಳು ಬಾಕಿ. ಒಟ್ಟು ಸಂಬಳ ತಿಂಗಳಿಗೆ 90,000. ಅದರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 45,000. ವರ್ಷಕ್ಕೆ 45 ದಿನದಂತೆ 28 ವರ್ಷಕ್ಕೆ 42 ತಿಂಗಳ ಸಂಬಳ, 18.9 ಲಕ್ಷ. ಉಳಿದ ತಿಂಗಳುಗಳ ಲೆಕ್ಕದಲ್ಲಿ 16.2 ಲಕ್ಷ. ಕಡಿಮೆಯದ್ದು ಎರಡನೆಯದು, ಅದೇ ಸಿಗುತ್ತದೆ. ಇಲ್ಲಿ ‘ಸಂಬಳ’ ಎಂದರೆ ಬೇಸಿಕ್ ಮತ್ತು ಡಿಎ ಮಾತ್ರ. ಮನೆ ಬಾಡಿಗೆ ಭತ್ಯೆ, ಬೇರೆ ಭತ್ಯೆಗಳು ಯಾವುದೂ ಸೇರುವುದಿಲ್ಲ.

ಅದೇ ವ್ಯಕ್ತಿ ಉಳಿದರೆ? ಪಿಎಫ್‌ಗೆ 5,400, ವೃತ್ತಿ ತೆರಿಗೆ 200 ಕಳೆದು ಕೈಗೆ ಸುಮಾರು 84,400. ಈ ಸಂಬಳಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಇಲ್ಲ. 36 ತಿಂಗಳಿಗೆ 30.4 ಲಕ್ಷ. ಪಿಎಫ್ ಖಾತೆಗೆ ಇಬ್ಬರ ಪಾಲೂ ಸೇರಿ ತಿಂಗಳಿಗೆ 9,550 (ಕಂಪನಿಯ ಪಾಲಿನ 1,250 ಪಿಂಚಣಿ ನಿಧಿಗೆ ಹೋಗುತ್ತದೆ), ಅಂದರೆ ಬಡ್ಡಿ ಬಿಟ್ಟು 3.4 ಲಕ್ಷ. ಮೂರು ವರ್ಷಕ್ಕೆ ಹೆಚ್ಚುವ ಗ್ರಾಚ್ಯುಟಿ ಸುಮಾರು 78 ಸಾವಿರ. ಒಟ್ಟು 34.6 ಲಕ್ಷ. ಬೋನಸ್ಸು, ಇನ್‌ಕ್ರಿಮೆಂಟು ಸೇರಿಸಿಲ್ಲ.

34.6ರಲ್ಲಿ 16.2 ಕಳೆದರೆ 18.4 ಲಕ್ಷ. ಅದನ್ನು 36ರಿಂದ ಭಾಗಿಸಿದರೆ ಸುಮಾರು 51,000. ಇದೇ ಇವರ ತಿಂಗಳ ವ್ಯತ್ಯಾಸ. ಹೊರಗೆ ಹೋಗಿ ತಿಂಗಳಿಗೆ 51,000 ದುಡಿದರೆ ಉಳಿದದ್ದಕ್ಕೂ ಹೊರಟದ್ದಕ್ಕೂ ಸಮ. ಏನೂ ದುಡಿಯದೆ ಮನೆಯಲ್ಲಿದ್ದರೆ, ಆ ಬಿಡುವಿಗೆ ತಿಂಗಳಿಗೆ 51,000 ತೆತ್ತ ಹಾಗೆ.

ಎಲ್ಲ ಸ್ಕೀಮೂ ಹೀಗಿರುವುದಿಲ್ಲ. ಕೆಲವು ಖಾಸಗಿ ಕಂಪನಿಗಳು ಉಳಿದ ತಿಂಗಳುಗಳಿಗೆ ಪೂರ್ತಿ ಸಂಬಳ ಕೊಡುತ್ತವೆ. ಇದೇ ವ್ಯಕ್ತಿಗೆ 90,000ದಂತೆ 32.4 ಲಕ್ಷ ಕೊಟ್ಟರೆ, ನಾಲ್ಕು ಲಕ್ಷ ಚಿಲ್ಲರೆ ತೆರಿಗೆ ಹೋದರೂ ತಿಂಗಳ ವ್ಯತ್ಯಾಸ 18,000ದ ಆಸುಪಾಸಿಗೆ ಇಳಿಯುತ್ತದೆ. ಆಗ ನನ್ನ ಮಟ್ಟಿಗೆ ಯೋಚನೆಯೇ ಬೇಡ, ತೆಗೆದುಕೊಳ್ಳಬಹುದು. ಆದ್ದರಿಂದ ಪಕ್ಕದ ಕಂಪನಿಯವರ ಅನುಭವ ಕೇಳಿ ನಿರ್ಧಾರ ಮಾಡಬೇಡಿ. ನಿಮ್ಮ ಸುತ್ತೋಲೆಯ ಸೂತ್ರ ಓದಿ, ನಿಮ್ಮ ಪೇ ಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕಿ.

ಇನ್ನೊಂದು ವಿಷಯ. ನಿಮ್ಮ ನಿವೃತ್ತಿ ವಯಸ್ಸು 58 ಅಥವಾ 60, ಯಾವುದು ಎಂದು ನೇಮಕಾತಿ ಪತ್ರದಲ್ಲಿ ಅಥವಾ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ (ಕಂಪನಿಯ ಸೇವಾ ನಿಯಮಗಳಲ್ಲಿ) ನೋಡಿಕೊಳ್ಳಿ. 24 ತಿಂಗಳು ಆಚೀಚೆಯಾದರೆ ಇಡೀ ಲೆಕ್ಕ ಬದಲಾಗುತ್ತದೆ.

ಮೊದಲ ದಾರಿ: ತೆಗೆದುಕೊಂಡು ಪೂರ್ತಿ ನಿಲ್ಲಿಸುವುದು

ಮನೆ ಸ್ವಂತದ್ದು, ಸಾಲ ತೀರಿದೆ, ಮಕ್ಕಳು ದುಡಿಯುತ್ತಿದ್ದಾರೆ, ಮನೆಖರ್ಚು ತಿಂಗಳಿಗೆ 35–40 ಸಾವಿರ. ಇಂಥವರಿಗೆ 16.2 ಲಕ್ಷವೂ ಸಾಲುತ್ತದೆ. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 45,000. ಪಿಎಫ್ ಮುಟ್ಟದೆ 58ರವರೆಗೆ ಸಾಗಬಹುದು. ಕಳೆದುಕೊಳ್ಳುವುದು ಈ ಮೂರು ವರ್ಷದ ಉಳಿತಾಯ ಮಾತ್ರ. ಮಂಡಿ ನೋವಿನಲ್ಲಿ ಎಂಟು ಗಂಟೆ ನಿಂತು ಕೆಲಸ ಮಾಡುತ್ತಿರುವವರಿಗೆ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಬೇಕಾದವರಿಗೆ ಆ ಉಳಿತಾಯಕ್ಕಿಂತ ಬಿಡುವು ದೊಡ್ಡದು. ಹಾಗೆ ನಿರ್ಧರಿಸಿದವರನ್ನು ಯಾರೂ ತಪ್ಪು ಎನ್ನಬಾರದು.

ಈ ದಾರಿ ಹಿಡಿಯುವವರಿಗೆ 55 ದಾಟಿರುವುದು ದೊಡ್ಡ ಅನುಕೂಲ. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯವಾಗಿ 60 ಆಗಿರಬೇಕು. ಆದರೆ 55ರಿಂದ 60ರೊಳಗೆ ವಿಆರ್‌ಎಸ್ ಪಡೆದವರೂ ಸೇರಬಹುದು. ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು, ಬಂದ ನಿವೃತ್ತಿ ಹಣಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಒಟ್ಟು ಮಿತಿ 30 ಲಕ್ಷ. ಬಡ್ಡಿ ದರ 2023ರ ಏಪ್ರಿಲ್‌ನಲ್ಲಿ ಶೇ 8.2ಕ್ಕೆ ಏರಿತು. ಖಾತೆ ತೆರೆದ ದಿನದ ದರವೇ ಐದು ವರ್ಷ ನಡೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಎಕ್ಸ್‌ಗ್ರೇಷಿಯಾ 16.2 ಲಕ್ಷ, ಗ್ರಾಚ್ಯುಟಿ ಸುಮಾರು 7.2 ಲಕ್ಷ. ಎರಡನ್ನೂ ಈ ದರದಲ್ಲಿ ಇಟ್ಟರೆ ಮೂರು ತಿಂಗಳಿಗೊಮ್ಮೆ 48,000ದಷ್ಟು ಬಡ್ಡಿ, ಅಂದರೆ ತಿಂಗಳಿಗೆ 16,000. ನಿಮಗೆ 55 ತುಂಬಲು ಕೆಲವೇ ತಿಂಗಳಿದ್ದರೆ ಬಿಡುಗಡೆಯ ದಿನಾಂಕ ಮುಂದೆ ಹಾಕಲು ಸಾಧ್ಯವೇ ಎಂದು ಎಚ್‌ಆರ್ ಬಳಿ ಕೇಳಿ. ಈ ಒಂದು ಕಾರಣಕ್ಕೇ ಕೇಳಬಹುದು.

ಪಿಎಫ್ ಜೊತೆಗೇ ಬರುವ ಇಪಿಎಸ್ ಪಿಂಚಣಿಯನ್ನು ಮಾತ್ರ ಆತುರದಲ್ಲಿ ಶುರು ಮಾಡಿಸಬೇಡಿ. 58ಕ್ಕಿಂತ ಮೊದಲು ತೆಗೆದುಕೊಂಡರೆ ಪ್ರತಿ ವರ್ಷಕ್ಕೆ ಶೇ 4ರಂತೆ ಕಡಿತ, ಅದೂ ಜೀವನಪೂರ್ತಿ. ಇನ್ನೊಂದು ಕಡೆ, ‘ಪಿಂಚಣಿ ಜಾಸ್ತಿಯಾಗುತ್ತದೆ’ ಎಂಬ ಒಂದೇ ಕಾರಣಕ್ಕೆ ಕೆಲಸದಲ್ಲಿ ಉಳಿಯುವುದರಲ್ಲೂ ಅರ್ಥವಿಲ್ಲ. ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ವೇತನ 15,000ಕ್ಕೆ ಸೀಮಿತವಾಗಿರುವವರಿಗೆ ಮೂರು ವರ್ಷದ ಹೆಚ್ಚುವರಿ ಸೇವೆಯಿಂದ ಸೇರುವುದು ತಿಂಗಳಿಗೆ ಸುಮಾರು 640 ರೂಪಾಯಿ.

ಇಡಿಗಂಟು ಬಂದ ಸುದ್ದಿ ಬೇಗ ಹರಡುತ್ತದೆ. ಸೈಟು ತೋರಿಸುವವರು, ಶೇಕಡ ಹನ್ನೆರಡು ಬಡ್ಡಿ ಎನ್ನುವವರು, ಭಾವಮೈದುನನ ಹೊಸ ವ್ಯಾಪಾರ, ಎಲ್ಲ ಮನೆ ಬಾಗಿಲಿಗೆ ಬರುತ್ತವೆ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಆಗ ಠೇವಣಿದಾರರು ತೆಗೆಯಬಹುದಾಗಿದ್ದುದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಪಟ್ಟ ಪಾಡು ನೆನಪಿಡಬೇಕು. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆ ಇರುವುದು 5 ಲಕ್ಷದವರೆಗೆ. ಮೊದಲ ಒಂದು ವರ್ಷ ಹಣವನ್ನು ಭದ್ರವಾದ ಕಡೆ ಇಟ್ಟು, ಯಾರಿಗೂ ಕೊಡದೆ, ಎಲ್ಲಿಯೂ ಹೂಡದೆ ಇರುವುದೇ ಒಳ್ಳೆಯದು.

ಎರಡನೆಯ ದಾರಿ: ತೆಗೆದುಕೊಂಡು ಬೇರೆ ಕೆಲಸಕ್ಕೆ ಹೋಗುವುದು

ಕಾಗದದ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಇದೇ. ವಿಆರ್‌ಎಸ್ ಹಣ ಒಂದು ಕಡೆ, ಹೊಸ ಸಂಬಳ ಒಂದು ಕಡೆ. ಟೂಲ್ ರೂಮ್, ಮೇಂಟೆನೆನ್ಸ್, ಕ್ವಾಲಿಟಿಯಲ್ಲಿ ಕೈ ಪಳಗಿದವರಿಗೆ ಪೀಣ್ಯದಂಥ ಕಡೆ ಸಣ್ಣ ಘಟಕಗಳಲ್ಲಿ ಕೆಲಸ ಸಿಗುವುದುಂಟು. ಅಕೌಂಟ್ಸ್, ಖರೀದಿ ವಿಭಾಗದವರಿಗೂ ಅರೆಕಾಲಿಕ ಕೆಲಸ ಸಿಗಬಹುದು. ಆದರೆ ದೊಡ್ಡ ಕಂಪನಿಯ ಸಂಬಳ ಸಣ್ಣ ಘಟಕದಲ್ಲಿ ಸಿಗುವುದು ಅಪರೂಪ. 90,000 ಎಣಿಸುತ್ತಿದ್ದವರಿಗೆ 30,000 ಎಂದರೆ ಮನಸ್ಸು ಹಿಂಜರಿಯುತ್ತದೆ. ಅದಕ್ಕೇ ಇಲ್ಲಿ ತಿಂಗಳ ವ್ಯತ್ಯಾಸ ಉಪಯೋಗಕ್ಕೆ ಬರುವುದು. ನಮ್ಮ ಉದಾಹರಣೆಯವರಿಗೆ 51,000 ಸಿಕ್ಕರೆ ಪೂರ್ತಿ ಸಮ. 30,000 ಸಿಕ್ಕರೆ ತಿಂಗಳಿಗೆ 21,000 ನಷ್ಟ. ಆ ನಷ್ಟಕ್ಕೆ ಬದಲಾಗಿ ರಾತ್ರಿ ಪಾಳಿ ತಪ್ಪಿದರೆ, ಮನೆ ಹತ್ತಿರವಾದರೆ, 58 ದಾಟಿದ ಮೇಲೂ ಆ ಕೆಲಸ ಮುಂದುವರಿಯುವಂತಿದ್ದರೆ, ಅದು ಒಳ್ಳೆಯ ವ್ಯವಹಾರವೇ. ಕೊನೆಯದಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. 55ಕ್ಕೆ ಹೊರಗೆ ಕೆಲಸ ಹುಡುಕುವುದು 58ಕ್ಕೆ ಹುಡುಕುವುದಕ್ಕಿಂತ ಸುಲಭ. 63–65ರವರೆಗೆ ದುಡಿಯುವ ಆಸೆ ಇರುವವರಿಗೆ ಈಗ ಹೊರಡುವುದರಿಂದ ಲಾಭವೇ ಜಾಸ್ತಿ.

ಎರಡು ಎಚ್ಚರಿಕೆ. ವಿಆರ್‌ಎಸ್ ಹಣಕ್ಕೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಅದೇ ಆಡಳಿತದ ಇನ್ನೊಂದು ಕಂಪನಿಗೆ ಸೇರುವಂತಿಲ್ಲ. ಕೇಂದ್ರ ಸಾರ್ವಜನಿಕ ಉದ್ದಿಮೆಯಿಂದ ವಿಆರ್‌ಎಸ್ ಪಡೆದವರು ಮತ್ತೊಂದು ಸಾರ್ವಜನಿಕ ಉದ್ದಿಮೆಗೆ ಸೇರಿದರೆ ಪರಿಹಾರದ ಹಣ ವಾಪಸ್ ಕಟ್ಟಬೇಕಾಗುತ್ತದೆ. ಇನ್ನೊಂದು, ‘ಬಾ, ನೋಡೋಣ’ ಎಂಬ ಬಾಯಿಮಾತನ್ನು ಕೆಲಸ ಎಂದುಕೊಳ್ಳಬೇಡಿ. ಸಂಬಳ ಬರೆದ ಪತ್ರ ಕೈಯಲ್ಲಿ ಇಲ್ಲದಿದ್ದರೆ ನಿಮ್ಮ ಲೆಕ್ಕದಲ್ಲಿ ಹೊರಗಿನ ಆದಾಯ ಸೊನ್ನೆ ಎಂದೇ ಹಾಕಿ. ಸ್ವಂತ ವ್ಯಾಪಾರ ಮಾಡುವ ಯೋಚನೆ ಇದ್ದರಂತೂ, ಮೊದಲ ವರ್ಷ ಅದರಿಂದ ಏನೂ ಬರುವುದಿಲ್ಲ ಎಂದೇ ತಿಳಿಯಿರಿ.

ಮೂರನೆಯ ದಾರಿ: ಬೇಡ ಎಂದು ಉಳಿಯುವುದು

ಗೃಹಸಾಲ ಬಾಕಿ ಇದೆ, ಮಗಳು ಎಂಜಿನಿಯರಿಂಗ್ ಎರಡನೇ ವರ್ಷ, ಮನೆಯಲ್ಲಿ ನೀವೊಬ್ಬರೇ ದುಡಿಯುವವರು, ಕಂಪನಿ ಗಟ್ಟಿಯಾಗಿದೆ. ಹೀಗಿದ್ದರೆ ಉಳಿಯಿರಿ. ಬೇಸಿಕ್ ಮೇಲೆ ಲೆಕ್ಕ ಹಾಕಿದ ಸ್ಕೀಮು ನಿಮ್ಮ ಖರ್ಚು ತಡೆಯುವುದಿಲ್ಲ. ‘ಇಡಿಗಂಟಿನಲ್ಲಿ ಸಾಲ ತೀರಿಸಿಬಿಡಬಹುದಲ್ಲ’ ಎನ್ನುತ್ತಾರೆ. ತೀರಿಸಬಹುದು, ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಚೆ ಕಟ್ಟಿದ ದಂಡವೂ ಇಲ್ಲ. ಆದರೆ ಸಾಲ ತೀರಿದ ಮೇಲೆ ಮನೆ ನಡೆಸಲು ಏನು ಉಳಿಯುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಉಳಿಯುವುದರ ದೊಡ್ಡ ಲಾಭ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ. 55ರಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇಟ್ಟುಕೊಂಡು ಗಂಡ-ಹೆಂಡತಿಗೆ ಹೊಸ ಪಾಲಿಸಿ ಮಾಡಿಸಿದರೆ ಪ್ರೀಮಿಯಂ ಜಾಸ್ತಿ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಹೊರಡುವುದೇ ಆದರೆ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಿ. ಹಾಗೆ ಮಾಡಿದರೆ ಈಗಾಗಲೇ ಕಳೆದ ಅವಧಿ ಲೆಕ್ಕಕ್ಕೆ ಬರುತ್ತದೆ. ಈ ಅರ್ಜಿ ಕೆಲಸ ಬಿಡುವ ಮೊದಲೇ ಹೋಗಬೇಕು. ನಿವೃತ್ತರಿಗೆ ವೈದ್ಯಕೀಯ ಸೌಲಭ್ಯ ಕೊಡುವ ಉದ್ದಿಮೆಗಳಲ್ಲಿ, ಅದು ವಿಆರ್‌ಎಸ್ ಪಡೆದವರಿಗೂ ಸಿಗುತ್ತದೆಯೇ ಅಥವಾ ಪೂರ್ಣಾವಧಿ ಮುಗಿಸಿದವರಿಗೆ ಮಾತ್ರವೇ ಎಂದು ಬರವಣಿಗೆಯಲ್ಲಿ ಕೇಳಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಮಾತ್ರ ಈ ಚಿಂತೆ ಕಡಿಮೆ. ಐದು ವರ್ಷ ವಿಮೆಯಲ್ಲಿದ್ದು ವಿಆರ್‌ಎಸ್ ಪಡೆದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಪತಿ ಅಥವಾ ಪತ್ನಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಸಣ್ಣದಾಗಿ ಕಾಣುವ ಬೇರೆ ಸೌಲಭ್ಯಗಳೂ ಇವೆ. ಕಂಪನಿ ಕ್ವಾರ್ಟರ್ಸ್‌ನಲ್ಲಿ ಇರುವವರಿಗೆ ಬೆಂಗಳೂರಿನ ಬಾಡಿಗೆಯೇ ತಿಂಗಳ ವ್ಯತ್ಯಾಸವನ್ನು ಮೇಲಕ್ಕೆ ಒಯ್ಯುತ್ತದೆ. ಫ್ಯಾಕ್ಟರಿ ಬಸ್ಸು, ಕ್ಯಾಂಟೀನ್ ಊಟ ನಿಂತರೂ ಖರ್ಚು ಹೆಚ್ಚುತ್ತದೆ.

ಕಂಪನಿ ಅಲುಗಾಡುತ್ತಿದ್ದರೆ?

ಉಳಿಯುವ ಲೆಕ್ಕವೆಲ್ಲ ಕಂಪನಿ ನಡೆಯುತ್ತದೆ ಎಂಬ ನಂಬಿಕೆಯ ಮೇಲಿದೆ. ಅದನ್ನು ಪರೀಕ್ಷಿಸಲು ಗಾಳಿಮಾತು ಬೇಕಾಗಿಲ್ಲ. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆಯಿರಿ. ಪ್ರತಿ ತಿಂಗಳ ಹಣ ಮುಂದಿನ ತಿಂಗಳ 15ರೊಳಗೆ ಬಿದ್ದಿರಬೇಕು. ಎರಡು-ಮೂರು ತಿಂಗಳು ತಡವಾಗಿದ್ದರೆ ಅದು ಕೆಟ್ಟ ಸೂಚನೆ. ಸಂಬಳ ಕಂತಿನಲ್ಲಿ ಬರುತ್ತಿದೆಯೇ? ಗ್ರಾಚ್ಯುಟಿ ಹಣ ಎಲ್‌ಐಸಿಯಂಥ ಕಡೆ ಪ್ರತ್ಯೇಕ ನಿಧಿಯಲ್ಲಿದೆಯೇ, ಅಥವಾ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದೆಯೇ? ಹೊಸ ಆರ್ಡರ್ ಬರುತ್ತಿದೆಯೇ, ಯಂತ್ರಗಳು ಬೇರೆ ಊರಿಗೆ ಹೋಗುತ್ತಿವೆಯೇ? ಇವನ್ನೆಲ್ಲ ನಿಮಗಿಂತ ಚೆನ್ನಾಗಿ ಯಾರು ನೋಡಬಲ್ಲರು?

ಮುಚ್ಚುವ ಭಯದಲ್ಲಿ ಸಹಿ ಹಾಕುವ ಮೊದಲು ಇದನ್ನು ತಿಳಿದಿರಿ. ‘ವರ್ಕ್‌ಮನ್’ ವರ್ಗದವರನ್ನು ಕಂಪನಿ ತಾನಾಗಿ ತೆಗೆದರೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದು ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ನಮ್ಮ ಉದಾಹರಣೆಯವರು ವರ್ಕ್‌ಮನ್ ಆಗಿದ್ದು, ಒಂದು ವರ್ಷದ ನಂತರ ಕಾರ್ಖಾನೆ ಮುಚ್ಚಿತು ಎನ್ನೋಣ. 12 ತಿಂಗಳ ಸಂಬಳ, ಪಿಎಫ್ ಸೇರಿ ಸುಮಾರು 11.3 ಲಕ್ಷ. ಬೇಸಿಕ್-ಡಿಎ ಮೇಲೆ ಮಾತ್ರ ಲೆಕ್ಕ ಹಾಕಿದರೂ 29 ವರ್ಷಕ್ಕೆ ಪರಿಹಾರ ಸುಮಾರು 6.5 ಲಕ್ಷ. ಒಟ್ಟು 17.8 ಲಕ್ಷ, ವಿಆರ್‌ಎಸ್‌ನ 16.2ಕ್ಕಿಂತ ಜಾಸ್ತಿಯೇ. ಹಾಗಾಗಿ ಮುಚ್ಚುವುದು ಒಂದೇ ಭಯವಾಗಿ ಕಾಡಬೇಕಿಲ್ಲ. ನಿಜವಾದ ಅಪಾಯ ಇರುವುದು ಮುಚ್ಚದೆ, ಸಂಬಳವನ್ನೂ ಕೊಡದೆ ಎಳೆಯುವ ಕಂಪನಿಯಲ್ಲಿ. ದಿವಾಳಿ ಪ್ರಕ್ರಿಯೆಗೆ ಹೋದರೆ ಬಾಕಿ ಕೈಗೆ ಬರಲು ವರ್ಷಗಳೇ ಬೇಕಾಗಬಹುದು. ಸಂಬಳ ಆಗಲೇ ತಪ್ಪುತ್ತಿರುವ ಕಡೆ, ವಿಆರ್‌ಎಸ್ ಹಣ ಒಂದೇ ಕಂತಿನಲ್ಲಿ ಸಿಗುವುದಾದರೆ, ಕಡಿಮೆಯಾದರೂ ತೆಗೆದುಕೊಳ್ಳಿ.

ಮ್ಯಾನೇಜರುಗಳ ವಿಷಯ ಬೇರೆ. ಈ 15 ದಿನದ ರಕ್ಷಣೆ ಅವರಿಗಿಲ್ಲ, ಮೇಲ್ವಿಚಾರಕರಲ್ಲೂ ಹೆಚ್ಚಿನವರಿಗಿಲ್ಲ. ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿಯ ಸಂಬಳ ಕೊಟ್ಟು ಕಳುಹಿಸಬಹುದು. ಆದ್ದರಿಂದ ಒಂದೇ ಕಂಪನಿ, ಒಂದೇ ಸ್ಕೀಮು ಆದರೂ ಕಾರ್ಮಿಕರು ಬೇಡ ಎನ್ನುವುದು ಸರಿ, ಮ್ಯಾನೇಜರು ಬೇಕು ಎನ್ನುವುದು ಸರಿ, ಹೀಗೂ ಆಗುತ್ತದೆ.

ನಾಲ್ಕನೆಯ ದಾರಿ: ಮುಂದಿನ ಸುತ್ತಿಗೆ ಕಾಯುವುದು

ಎಚ್‌ಎಂಟಿ ವಾಚಸ್ ಮುಚ್ಚುವಾಗ, ನೌಕರರು ಆಗ ಪಡೆಯುತ್ತಿದ್ದುದಕ್ಕಿಂತ ಮೇಲಿನ 2007ರ ವೇತನ ಶ್ರೇಣಿಯನ್ನು ಲೆಕ್ಕಕ್ಕೆ ಹಿಡಿದು ಪರಿಹಾರ ಕೊಡಲು ತೀರ್ಮಾನವಾಯಿತು. ಕೊನೆಯವರೆಗೆ ಇದ್ದವರಿಗೆ ಅದರಿಂದ ಅನುಕೂಲವಾಯಿತು. ಎಲ್ಲ ಕಡೆ ಹಾಗಾಗುತ್ತದೆ ಎನ್ನಲಾಗದು, ಎರಡನೇ ಸುತ್ತು ಬರದೆಯೂ ಇರಬಹುದು. ಆದರೆ ಒಂದು ಮಾತು ನಿಜ. ಉಳಿದ ತಿಂಗಳುಗಳ ಸೂತ್ರದಲ್ಲಿ, ಕಾದ ಪ್ರತಿ ತಿಂಗಳಿಗೆ ಇಡಿಗಂಟಿನಿಂದ 45,000 ಕರಗುತ್ತದೆ, ಆ ತಿಂಗಳ ಸಂಬಳ ಮತ್ತು ಪಿಎಫ್ ಆಗಿ 94,000ದಷ್ಟು ಬರುತ್ತದೆ. ಕಂಪನಿ ಗಟ್ಟಿಯಿದ್ದರೆ ಕಾಯುವುದರಿಂದ ನಷ್ಟವಿಲ್ಲ. ‘ಇದೇ ಕೊನೆಯ ಅವಕಾಶ’ ಎಂದು ಯಾರಾದರೂ ಒತ್ತಡ ಹಾಕಿದರೆ ಈ ಎರಡು ಸಂಖ್ಯೆಗಳನ್ನು ನೆನಪಿಸಿಕೊಳ್ಳಿ.

ಹೊರಡುವುದೇ ಆದರೆ ಯಾವ ತಿಂಗಳು?

ವಿಆರ್‌ಎಸ್ ಪರಿಹಾರದಲ್ಲಿ 5 ಲಕ್ಷಕ್ಕೆ ತೆರಿಗೆ ಇಲ್ಲ. 1961ರ ಕಾಯ್ದೆಯಲ್ಲಿ 10(10ಸಿ) ಎಂದು ಹೆಸರಾದ ವಿನಾಯಿತಿ ಇದು. ಜೀವನದಲ್ಲಿ ಒಂದೇ ಸಲ ಸಿಗುತ್ತದೆ, ಹೊಸ ತೆರಿಗೆ ಪದ್ಧತಿಯಲ್ಲೂ ಸಿಗುತ್ತದೆ. ಗ್ರಾಚ್ಯುಟಿಗೆ 20 ಲಕ್ಷದವರೆಗೆ, ರಜೆಯ ಹಣಕ್ಕೆ 25 ಲಕ್ಷದವರೆಗೆ ಬೇರೆಯೇ ವಿನಾಯಿತಿ ಇದೆ. 5 ಲಕ್ಷ ಮೀರಿದ ಪರಿಹಾರ ಮಾತ್ರ ಆ ವರ್ಷದ ಆದಾಯಕ್ಕೆ ಸೇರುತ್ತದೆ.

ಇಲ್ಲೇ ತಿಂಗಳು ಮುಖ್ಯವಾಗುವುದು. ನಮ್ಮ ಉದಾಹರಣೆಯಲ್ಲಿ 11.2 ಲಕ್ಷ ತೆರಿಗೆಗೆ ಒಳಪಡುತ್ತದೆ. ಮಾರ್ಚ್ ಕೊನೆಗೆ ಹೊರಟು ಹಣವೂ ಆಗಲೇ ಬಂದರೆ, ವರ್ಷದ ಪೂರ್ತಿ ಸಂಬಳ 10.8 ಲಕ್ಷದ ಜೊತೆ ಸೇರಿ 2.4 ಲಕ್ಷ ತೆರಿಗೆ. ಏಪ್ರಿಲ್ ಕೊನೆಗೆ ಹೊರಟರೆ ಆ ಹೊಸ ವರ್ಷದಲ್ಲಿ ಸಂಬಳ ಒಂದೇ ತಿಂಗಳದ್ದು. ಒಟ್ಟು 12 ಲಕ್ಷದೊಳಗೆ ನಿಂತು ತೆರಿಗೆ ಸೊನ್ನೆಯೂ ಆಗಬಹುದು. ಆ ವರ್ಷ ಮೂರು ಲಕ್ಷ ಬಡ್ಡಿ ಬಂದರೂ ತೆರಿಗೆಯಲ್ಲಿ ಒಂದು ಲಕ್ಷಕ್ಕಿಂತ ಮೇಲೆ ಉಳಿಯುತ್ತದೆ. ಬಿಡುಗಡೆಯ ದಿನಾಂಕ ಆರಿಸಲು ಅವಕಾಶವಿದ್ದರೆ ಏಪ್ರಿಲ್ ಅಥವಾ ಮೇ ಕೇಳಿ.

ಸಹಿ ಹಾಕುವ ಮುನ್ನ

ನೌಕರರ ಸೊಸೈಟಿಯಲ್ಲಿ ಸಾಲ ಇದ್ದರೆ ಅದು ಸೆಟಲ್‌ಮೆಂಟಿನಲ್ಲೇ ಕಡಿತವಾಗುತ್ತದೆ. ಬೇರೆಯವರಿಗೆ ಜಾಮೀನು ಹಾಕಿದ್ದರೆ ಅದನ್ನೂ ಬಿಡಿಸಿಕೊಳ್ಳಬೇಕು. ಹಣ ಒಂದೇ ಸಲ ಬರುತ್ತದೆಯೋ, ಕಂತಿನಲ್ಲೋ, ಯಾವ ದಿನಾಂಕದೊಳಗೆ ಎಂಬುದು ಸುತ್ತೋಲೆಯಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಪತ್ರ ಬರೆದು ಕೇಳಿ.

ಮನೆಯವರ ಜೊತೆ ಕೂತು ಮಾತಾಡದೆ ಸಹಿ ಹಾಕಬೇಡಿ. ಎಚ್‌ಆರ್ ಕೋಣೆಗೆ ಕರೆದು ‘ಈಗಲೇ ಹಾಕಿ’ ಎಂದರೆ ಒಂದು ದಿನ ಸಮಯ ಕೇಳಿ ಎದ್ದು ಬನ್ನಿ. ವರ್ಗಾವಣೆ ಮಾಡುತ್ತೇವೆ ಎಂದು ಹೆದರಿಸಿದರೆ ಯೂನಿಯನ್‌ಗೆ ತಿಳಿಸಿ, ಆ ಮಾತು ನಡೆದ ದಿನ, ಸಮಯ ಬರೆದಿಟ್ಟುಕೊಳ್ಳಿ. ಅರ್ಜಿ ಹಿಂದಕ್ಕೆ ಪಡೆಯಲು ಕೊನೆಯ ದಿನ ಯಾವುದು ಎಂದು ನೋಡಿ. ಬ್ಯಾಂಕುಗಳ ವಿಆರ್‌ಎಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ, ಆಡಳಿತ ಒಪ್ಪಿಕೊಳ್ಳುವ ಮೊದಲು ನೌಕರ ತನ್ನ ಅರ್ಜಿ ಹಿಂಪಡೆಯಬಹುದು ಎಂದು ಹೇಳಿತ್ತು. ಆದರೆ ಸ್ಕೀಮಿನ ಷರತ್ತು ಬೇರೆಯಾಗಿದ್ದರೆ ಫಲಿತಾಂಶವೂ ಬೇರೆಯಾಗಬಹುದು. ಆದ್ದರಿಂದ ಷರತ್ತಿನ ಪುಟವನ್ನು ಪೂರ್ತಿ ಓದಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಮುದ್ರೆ ಹಾಕಿದ ನಕಲು ಪಡೆದು, ಸುತ್ತೋಲೆ ಮತ್ತು ಕೊನೆಯ ಮೂರು ಪೇ ಸ್ಲಿಪ್‌ಗಳ ಜೊತೆ ಮನೆಯಲ್ಲಿಡಿ.